ಲೆಕ್ಕವಿಟ್ಟ ಕಾದಂಬರಿಕಾರ

ಆಂಗ್ಲ ಕಾದಂಬರಿಕಾರರಲ್ಲಿ ಸ್ಕಾಟ್, ಡಿಕನ್ಸರ ಹೆಸರುಗಳು ನಮ್ಮ ಮನೆಗಳಿಗೆ ಪರಿಚಿತವಾಗಿರುವಷ್ಟು ಆಂಟನಿ ಟ್ರಾಲಪನ ಹೆಸರು ಪರಿಚಿತವಲ್ಲ. ಆದರೆ ಅವನ ಒಂದು ಕಾದಂಬರಿಯನ್ನೂ ಓದದವರು ಕೂಡ ಅವನ ವಿಷಯವಾಗಿ ಒಂದು ಮಾತನ್ನು ಕೇಳಿರುವುದುಂಟು: ಆತನು ಗಡಿಯಾರವನ್ನು ಎದುರಿಗಿಟ್ಟುಕೊಂಡು, ಕಾಲುಗಂಟೆಗೆ ೨೫೦ ಶಬ್ದಗಳಂತೆ ಬರೆಯುತ್ತಿದ್ದನೆಂಬುದು. ಇದನ್ನು ಹೇಳುವವರು ಸಾಮಾನ್ಯವಾಗಿ ನಕ್ಕೇ ಹೇಳುವರು. ಸರಸ್ವತಿಯನ್ನು ಕೂಲಿಗೆ ಹಚ್ಚಿದವನೆಂಬುದು ಆ ನಗೆಯ ಅರ್ಥ. ನಾವೂ ಒಂದು ಕಾಲಕ್ಕೆ ಹಾಗೆ ನಕ್ಕವರೇ. ಅವನು ತೀರಿಕೊಂಡ ಮರುವರ್ಷ, ೧೮೮೩ರಲ್ಲಿ, ಪ್ರಕಟವಾದ ಆತ್ಮಚರಿತ್ರೆಯನ್ನು ಮೊದಲಿನಿಂದ ಕಡೆಯವರೆಗೆ ಓದಿದ ಮೇಲೆ ಆ ನಗೆಯು ನಮಗೆ ನಾಚಿಕೆಯನ್ನುಂಟುಮಾಡಿತು. ಗಡಿಯಾರದ ಮಾತನ್ನೇ ಹಿಡಿದುಕೊಂಡವರು ಆ ಗ್ರಂಥದ ಜೀವಾಳವನ್ನೇ ಕೈಬಿಟ್ಟರೆಂದು ನಮಗೆ ತೋರುತ್ತದೆ.

ಟ್ರಾಲಪನು ಹುಟ್ಟಿದ್ದು ೧೮೧೫ರಲ್ಲಿ. ತಂದೆಯು ವಕೀಲಿಯಲ್ಲಿ ಸೋತು, ಬೇಸಾಯದಲ್ಲಿಯೂ ಸೋತವನು. ಹ್ಯಾರೋ ಶಾಲೆಯಲ್ಲಿ ಸಿರಿವಂತರ ಮಕ್ಕಳ ನಡುವೆ, ಕೆಸರು ಮೆತ್ತಿದ ಉಡುಪಿನಲ್ಲಿ ದಿನವೂ ನಡೆದು ಬರುತ್ತಿದ್ದ ಈ ಹುಡುಗನನ್ನು ಆಟಕ್ಕೆ ಸೇರಿಸಿಕೊಳ್ಳುವವರೇ ಇರಲಿಲ್ಲ. ಅವನು ತನ್ನೊಳಗೇ ಆಡಿಕೊಳ್ಳತೊಡಗಿದನು. ಮನೋರಾಜ್ಯವನ್ನು ಕಟ್ಟದ ಬಾಲಕರು ಯಾರಿದ್ದಾರೆ? ಆದರೆ ಇವನ ಮನೋರಾಜ್ಯಕ್ಕೆ ಕಟ್ಟುಕಟ್ಟಳೆಗಳಿದ್ದುವು. ಒಂದೇ ಕಥೆಯನ್ನು ವಾರಗಟ್ಟಲೆ, ತಿಂಗಳುಗಟ್ಟಲೆ ಮುಂದುವರಿಸುವುದು. ಅಸಂಭವವಾದುದಾವುದನ್ನೂ ಅದರೊಳಗೆ ಬಿಟ್ಟುಕೊಳ್ಳದಿರುವುದು. ಈ ಅಭ್ಯಾಸವಿಲ್ಲದಿದ್ದರೆ ತಾನು ಕಾದಂಬರಿಯನ್ನು ಬರೆಯುತ್ತಲೇ ಇರಲಿಲ್ಲವೇನೋ ಎಂದು ಅವನೇ ಒಪ್ಪಿಕೊಂಡಿದ್ದಾನೆ. ಗಡಿಯಾರವು ಬಂದುದು ಬಹು ಹಿಂದಿನಿಂದ.

ಮನೆಯಲ್ಲಿ ಅವನು ಕಂಡ ಇನ್ನೊಂದು ಪಾಠವನ್ನೂ ಹೇಳಬೇಕು. ತಾಯಿ ಫ್ರಾನ್ಸಿಸ್ ಟ್ರಾಲಪಳು ತನ್ನ ಮೊದಲ ಗ್ರಂಥವನ್ನು, ಅಮೆರಿಕದವರ ನಡೆನುಡಿಗಳನ್ನು ಕುರಿತದ್ದನ್ನು, ೧೮೩೨ರಲ್ಲಿ ಪ್ರಕಟಿಸಿದಾಗ ಐವತ್ತನ್ನು ದಾಟಿದ್ದಳು. ೧೮೩೪ರಲ್ಲಿ ಕುಟುಂಬವು ಸಾಲಗಾರರ ಭಯದಿಂದ ಬೆಲ್ಜಿಯಮ್ಮಿನ ಬ್ರೂಜ್ ನಗರಕ್ಕೆ ಓಡಿತು. ಅಲ್ಲಿ ಗಂಡನೂ ಒಬ್ಬ ಮಗನೂ ಮರಣಶಯ್ಯೆಯಲ್ಲಿದ್ದರು. ಹಗಲೆಲ್ಲ ಅವರ ಶುಶ್ರೂಷೆ. ರಾತ್ರಿ ಕಾದಂಬರಿಯ ಬರಹ. ಮನೆ ನಡೆದುದು ಆ ಬರಹದಿಂದಲೇ. ಸ್ಫೂರ್ತಿ ಬಂದಾಗ ಬರೆಯಬೇಕೆಂಬ ಉಪದೇಶವನ್ನು ಇಂಥ ತಾಯಿಯ ಮಗನಿಗೆ ಮಾಡುವವರು ಯಾರು?

ಅದೇ ವರ್ಷ ಅವನು ವರ್ಷಕ್ಕೆ ೯೦ ಪೌಂಡು ಸಂಬಳದ ಅಂಚೆ ಗುಮಾಸ್ತನಾದನು. ೧೮೪೧ರಲ್ಲಿ ಐರ್ಲೆಂಡಿಗೆ ಹೋದನು. ಅಲ್ಲಿ ಒಂದು ಹಾಳುಬಿದ್ದ ಮನೆಯನ್ನು ಕಂಡಾಗ ಮೊದಲ ಕಥೆ ಹೊಳೆಯಿತು. ೧೮೪೩ರಲ್ಲಿ ಆರಂಭವಾದ ಆ ಕಾದಂಬರಿ ೧೮೪೭ರಲ್ಲಿ ಅಚ್ಚಾಯಿತು. ಲಾಭದಲ್ಲಿ ಅರ್ಧ ಪಾಲೆಂದು ಕರಾರು, ಬಂದುದು ಸೊನ್ನೆ. ಮರುವರ್ಷದ ಎರಡನೆಯ ಕಾದಂಬರಿಯ ೩೭೫ ಪ್ರತಿಗಳು ಅಚ್ಚಾಗಿ ೧೪೦ ಮಾರಿದುವು. ಪ್ರಕಾಶಕನಿಗೆ ೬೩ ಪೌಂಡು, ೧೦ ಷಿಲ್ಲಿಂಗು, ಒಂದೂವರೆ ಪೆನ್ನಿ ನಷ್ಟ. ಐರಿಷ್ ವಿಷಯಗಳು ವಾಚಕರಿಗೆ ಹಿಡಿಸುವುದಿಲ್ಲವೆಂದೂ, ಕಾದಂಬರಿ ಬರೆಯಲು ತಾನು ಉತ್ತೇಜನ ಕೊಡಲಾರೆನೆಂದೂ ಆತನು ಬರೆದನು. ಆ ಅರ್ಧ ಪೆನ್ನಿಯನ್ನು ಟ್ರಾಲಪನು ಎಷ್ಟೋ ವರ್ಷಗಳ ಮೇಲೂ ಮರೆತಿರಲಿಲ್ಲವೆಂಬುದನ್ನು ಗಮನಿಸಬೇಕು. ಮೂರನೆಯ ಗ್ರಂಥಕ್ಕೆ ೨೦ ಪೌಂಡು ಬಂದಿತು. ಓದಿದವರು ಮಾತ್ರ ಇಲ್ಲ.

ಮುಂದೆ ಅಂಚೆಯ ಹಂಚಿಕೆಯನ್ನು ಗೊತ್ತುಪಡಿಸುವ ಕೆಲಸದ ಮೇಲೆ ಅವನು ಇಂಗ್ಲೆಂಡಿನ ನೈಋತ್ಯ ಭಾಗದ ಹಳ್ಳಿಹಳ್ಳಿಗಳನ್ನು ಕುದುರೆಯ ಮೇಲೆ ಸುತ್ತಿದನು. (ಬ್ರಿಟಿಷ್ ದ್ವೀಪಗಳಲ್ಲಿ ಬೀದಿಯ ಅಂಚೆಪೆಟ್ಟಿಗೆಯು ಮೊದಲು ನಿಂತದ್ದು ೧೮೫೨ರಲ್ಲಿ, ಇವನ ಸೂಚನೆಯಿಂದಲೇ.) ಸಾಲ್ಸ್‌ಬರಿಯ ದೊಡ್ಡ ಇಗರ್ಜಿಯ ಸುತ್ತ ಅಡ್ಡಾಡುತ್ತಿದ್ದ ಒಂದು ಸಂಜೆ 'ದಿ ವಾರ್ಡನ್' ಕಥೆ ಹುಟ್ಟಿತು. ೧೮೫೫ರಲ್ಲಿ ಪ್ರಕಟವಾದ ಈ ಪುಸ್ತಕದಿಂದ ಆ ವರ್ಷಾಂತ್ಯಕ್ಕೆ ಬಂದುದು ೯ ಪೌಂಡು ೮ ಷಿಲ್ಲಿಂಗು ೮ ಪೆನ್ನಿ. ಬರಹಕ್ಕೆ ಕುಳಿತು ಹನ್ನೆರಡು ವರ್ಷಗಳಾಗಿದ್ದುವು. ಅದರ ಮುಂದಿನ ಭಾಗವಾದ 'ಬಾರ್‌ಚೆಸ್ಟರ್ ಟವರ್ಸ್' ಕಾದಂಬರಿಯ ಬಹುಭಾಗವನ್ನು ರೈಲುಗಾಡಿಯಲ್ಲಿ, ತೊಡೆಯ ಮೇಲೆ ಹಲಗೆಯಿಟ್ಟು, ಸೀಸದ ಕಡ್ಡಿಯಿಂದ ಬರೆದನು. ಹೆಂಡತಿಯು ಶುದ್ಧಪ್ರತಿ ಮಾಡಿದಳು. ೧೮೬೦ರಲ್ಲಿ ಥ್ಯಾಕರೆಯು ಸಂಪಾದಕನಾಗಿದ್ದ ಕಾರ್ನ್‌ಹಿಲ್ ಪತ್ರಿಕೆಯಲ್ಲಿ 'ಫ್ರಾಮ್ಲಿ ಪಾರ್ಸನೇಜ್' ಬರತೊಡಗಿತು. ಅದಕ್ಕೆ ೧,೦೦೦ ಪೌಂಡು. ಏಳಿಗೆಯ ಕಥೆಯನ್ನು ಇಷ್ಟಕ್ಕೆ ಬಿಡೋಣ. ಸುಖದ ವರ್ಷಗಳಲ್ಲಿ ಹೇಳುವುದು ಕಡಿಮೆ.

ಈಗ ಗಡಿಯಾರಕ್ಕೆ ಬರೋಣ. ಬೆಳಗ್ಗೆ ಐದೂವರೆಗೆ ಕಾಫಿಯೊಡನೆ ತನ್ನನ್ನು ಎಬ್ಬಿಸುವುದಕ್ಕಾಗಿ ಮುದಿ ಸೇವಕನೊಬ್ಬನಿಗೆ ವರ್ಷಕ್ಕೆ ೫ ಪೌಂಡು ಹೆಚ್ಚಾಗಿ ಕೊಡುತ್ತಿದ್ದನು. ಮೂರು ಗಂಟೆ ಬರೆದು, ಆಮೇಲೆ ಅಂಚೆಯ ಕೆಲಸ. ಕಡೆಗೆ ಪುಸ್ತಕ ಪುಸ್ತಕದ ಸಂಪಾದನೆಯನ್ನೂ ಪಟ್ಟಿ ಮಾಡಿ, ೧೮೭೯ರವರೆಗಿನ ಮೊತ್ತವನ್ನು ೬೮,೯೩೯ ಪೌಂಡು ೧೭ ಷಿಲ್ಲಿಂಗು ೫ ಪೆನ್ನಿಯೆಂದು ಬರೆದಿಟ್ಟನು. ಇದರಿಂದ ರಸಿಕರು ಮುಖ ಸಿಂಡರಿಸಿದರು. ಕೆಲವು ಕಾಲ ಅವನ ಹೆಸರು ಮಂಕಾಯಿತು. ಆದರೆ ಯಾರೂ ಓದದ ಹತ್ತು ವರ್ಷಗಳಲ್ಲಿ ಒಬ್ಬನನ್ನು ಮೇಜಿನ ಬಳಿಗೆ ಪ್ರತಿದಿನ ಕರೆತರುವುದು ಯಾವುದು? ಹೊಗಳಿಕೆಯಿಲ್ಲ, ಹಣವಿಲ್ಲ, ಪ್ರಕಾಶಕನೇ ಬೇಡವೆನ್ನುತ್ತಾನೆ. ಅಂಥವನಿಗೆ ಇಂದು ಇಷ್ಟು ಬರೆದೆನೆಂಬ ಲೆಕ್ಕವೊಂದೇ ಕೈಗೆ ಸಿಕ್ಕುವ ಫಲ. ಅದನ್ನು ದುರಾಸೆಯೆನ್ನುವುದು ಅನ್ಯಾಯ.

ಹಾಗೆಂದು ಈ ಪದ್ಧತಿಯು ನಿರ್ದೋಷವೆಂದು ನಾವು ಹೇಳಲಾರೆವು. 'ಡಾಕ್ಟರ್ ಥಾರ್ನ್' ಮುಗಿಸಿದ ಮರುದಿನವೇ 'ದಿ ಬರ್ಟ್ರಮ್ಸ್' ಆರಂಭಿಸಿದನು. ಮೊದಲನೆಯದರಲ್ಲಿ ಪಾತ್ರಗಳು ತಾವಾಗಿ ನಡೆಯುತ್ತವೆ. ಎರಡನೆಯದರಲ್ಲಿ ಅವುಗಳನ್ನು ಎಳೆದೊಯ್ಯಬೇಕಾಗಿದೆ. ನಡುವೆ ಒಂದು ತಿಂಗಳು ಸುಮ್ಮನಿದ್ದಿದ್ದರೆ ನಷ್ಟವೇನಾಗುತ್ತಿತ್ತು? ೪೭ ಕಾದಂಬರಿಗಳಲ್ಲಿ ಜೊಳ್ಳು ಇಲ್ಲದಿಲ್ಲ.

ಆದರೆ ಹಣಕ್ಕಾಗಿಯೇ ಬರೆದವನು ಮುಂದಿನ ಕೆಲಸವನ್ನು ಮಾಡುತ್ತಿರಲಿಲ್ಲ. ಕೀರ್ತಿಯು ತುಂಬಿ ಹರಿಯುತ್ತಿದ್ದ ಕಾಲದಲ್ಲಿ ಅವನಿಗೆ ಒಂದು ಸಂಶಯ ಹುಟ್ಟಿತು: ತನ್ನಷ್ಟೇ ಚೆನ್ನಾಗಿ ಬರೆಯುವ ಹೊಸಬರು ಬಾಗಿಲಲ್ಲೇ ನಿಂತಿರುವಾಗ, ತನಗೆ ದೊರೆಯುತ್ತಿರುವುದು ಕೃತಿಯ ಬೆಲೆಯೋ, ಹೆಸರಿನ ಬೆಲೆಯೋ? ಪರೀಕ್ಷಿಸುವುದಕ್ಕಾಗಿ ೧೮೬೭ರಲ್ಲಿ 'ನೀನಾ ಬಲಾಟ್ಕಾ' ಎಂಬುದನ್ನು ಹೆಸರಿಲ್ಲದೆ ಹೊರಡಿಸಿದನು. ಅದರ ಬೆನ್ನಿಗೇ ಇನ್ನೊಂದನ್ನು. ಒಬ್ಬ ವಿಮರ್ಶಕನು ಶೈಲಿಯಿಂದಲೇ ಕರ್ತೃವನ್ನು ಗುರುತಿಸಿದನಾದರೂ ಪುಸ್ತಕಗಳಿಗೆ ಗಿರಾಕಿಗಳಿರಲಿಲ್ಲ. ಪ್ರಕಾಶಕನು ಮೂರನೆಯದನ್ನು ಒಲ್ಲೆನೆಂದನು. ಐವತ್ತು ದಾಟಿದ ಪ್ರಸಿದ್ಧ ಪುರುಷನು ತಾನಾಗಿ ಮತ್ತೆ ಮೊದಲ ಮೆಟ್ಟಿಲಿಗೆ ಇಳಿದು, ಅಲ್ಲಿ ಮತ್ತೆ ಸೋತನು. ಸೋತೆನೆಂದು ಮುಚ್ಚುಮರೆಯಿಲ್ಲದೆ ಬರೆದನು.

ಅದೇ ಕಾಲದ ಇನ್ನೊಂದು ಸಂಗತಿಯುಂಟು. ಬಾರ್‌ಚೆಸ್ಟರ್ ಕಥೆಗಳಲ್ಲಿ ಬಿಷಪ್ಪನ ಹೆಂಡತಿ ಪ್ರೌಡಿಯಮ್ಮನು ಗಂಡನನ್ನೂ ಊರನ್ನೂ ಆಳುವ ಗಯ್ಯಾಳಿ. ಒಂದು ದಿನ ಲಂಡನ್ನಿನ ಅಥೀನಿಯಮ್ ಕ್ಲಬ್ಬಿನಲ್ಲಿ ಇಬ್ಬರು ಪಾದ್ರಿಗಳು, ಈತನು ಅದೇ ಪಾತ್ರಗಳನ್ನು ಮತ್ತೆ ಮತ್ತೆ ತರುತ್ತಾನೆಂದು ಬೈಯುತ್ತಿದ್ದುದು ಪಕ್ಕದಲ್ಲಿ ಬರೆಯುತ್ತಿದ್ದ ಟ್ರಾಲಪನ ಕಿವಿಗೆ ಬಿತ್ತು. ಎದ್ದು ಹೋಗಿ, ಅಪರಾಧಿಯು ತಾನೇ ಎಂದೂ, ವಾರದೊಳಗೆ ಆಕೆಯನ್ನು ಕೊಂದುಬಿಡುವೆನೆಂದೂ ಹೇಳಿ, ಹಾಗೆಯೇ ಮಾಡಿದನು. ಆಮೇಲೆ ಬಹಳ ಮರುಗಿದನು. ಹ್ಯಾರೋ ಶಾಲೆಯ ದಾರಿಯಲ್ಲಿ ಒಬ್ಬನೇ ನಡೆಯುತ್ತಿದ್ದಾಗ ಜೊತೆಗೆ ಬರುತ್ತಿದ್ದವರ ಹಾಗೆ, ಸತ್ತ ಪ್ರೌಡಿಯಮ್ಮನೂ ಮುಪ್ಪಿನವರೆಗೆ ಅವನ ಜೊತೆಯಲ್ಲೇ ಇದ್ದಳು.