ನೆಲ ಕೇಳುವ ಪ್ರಶ್ನೆ

ನಮ್ಮ ಸಾಹಿತ್ಯಗೋಷ್ಠಿಗಳಲ್ಲಿ ಒಂದು ಮಾತು ಬಹುಕಾಲದಿಂದ ರೂಢಿಯಲ್ಲಿದೆ. ಮಲೆನಾಡಿನವನು ಬರೆದರೆ ಬರವಣಿಗೆಗೆ ಮಳೆಯ ಮುಸುಕಿರುವುದು, ಬಯಲುಸೀಮೆಯವನು ಬರೆದರೆ ಬಿಸಿಲಿನ ಖಾರವಿರುವುದು, ಕರಾವಳಿಯವನು ಬರೆದರೆ ಕಡಲಿನ ಮೊರೆತವೂ ಉಪ್ಪಿನ ರುಚಿಯೂ ಇರುವುವು ಎಂಬುದೇ ಆ ಮಾತು. ಕೇಳುವುದಕ್ಕೆ ಸೊಗಸಾದ ಮಾತು. ಭಾಷಣಕಾರನಿಗೆ ಬಲು ಅನುಕೂಲವಾದ ಮಾತು. ಇದು ಸುಳ್ಳೆಂದು ಸಾಧಿಸುವುದು ನಮ್ಮ ಉದ್ದೇಶವಲ್ಲ. ಇದು ಅರ್ಧ ನಿಜವೆಂದೂ, ಅರ್ಧ ನಿಜವನ್ನು ಪೂರ್ಣವೆಂದು ನಂಬಿದರೆ ಕೃತಿಗೂ ಜನಕ್ಕೂ ಒಟ್ಟಿಗೆ ಅನ್ಯಾಯವಾಗುವುದೆಂದೂ ತೋರಿಸುವುದಷ್ಟೆ ಈ ಲೇಖನದ ಕೆಲಸ.

ಮೊದಲು, ನಿಜವಾದ ಅರ್ಧಕ್ಕೆ ಸಲ್ಲತಕ್ಕ ಮರ್ಯಾದೆಯನ್ನು ಸಲ್ಲಿಸೋಣ. ಕನ್ನಡನಾಡಿನ ಭೂಪಟವನ್ನು ಎದುರಿಗಿಟ್ಟುಕೊಂಡು ಪಡುವಣಿಂದ ಮೂಡಣಕ್ಕೆ ಬೆರಳನ್ನು ನಡೆಸಿದರೆ ಮೂರು ನಾಡುಗಳು ಸಿಕ್ಕುತ್ತವೆ: ಕಡಲಿಗೂ ಘಟ್ಟಕ್ಕೂ ನಡುವೆ ಇಕ್ಕಟ್ಟಾಗಿ ಹಬ್ಬಿದ ಕರಾವಳಿ, ಸಹ್ಯಾದ್ರಿಯ ನೆತ್ತಿಯ ಮಲೆನಾಡು, ಅದರಾಚೆಗೆ ಹರಡಿದ ಬಯಲು. ಮುಂಗಾರಿನ ಗಾಳಿಯು ಅರಬ್ಬೀ ಸಮುದ್ರದ ತೇವವನ್ನು ಹೊತ್ತು ಬಂದು ಘಟ್ಟದ ಗೋಡೆಗೆ ತಾಗಿ ಮೇಲೇರುತ್ತದೆ. ಏರಿದಂತೆ ತಣ್ಣಗಾಗಿ ತನ್ನ ಹೊರೆಯನ್ನು ಬಹುಮಟ್ಟಿಗೆ ಅಲ್ಲಿಯೇ ಇಳಿಸುತ್ತದೆ. ಆಚೆಗೆ ದಾಟುವ ವೇಳೆಗೆ ಅದರ ಕೈ ಬರಿದಾಗಿರುತ್ತದೆ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಮೀರಿ ಮಳೆ. ಅಲ್ಲಿಂದ ನೇರಗೆರೆಯಲ್ಲಿ ಅಳೆದರೆ 200 ಕಿಲೋಮೀಟರಿನೊಳಗೇ ಇರುವ ಚಳ್ಳಕೆರೆಯಲ್ಲಿ 500 ಮಿಲಿಮೀಟರಿನ ಆಸುಪಾಸು. ಈ ಅಂತರವು ಬಾಳಿನಲ್ಲಿ ಕಾಣದೆ ಇದ್ದೀತೆ? ಒಂದೆಡೆ ನೀರನ್ನು ಜಾರಿಸುವ ಇಳಿಜಾರು ಮಾಡು; ಇನ್ನೊಂದೆಡೆ, ವಿಜಯಪುರದ ಕಡೆ, ಬಿಸಿಲನ್ನು ತಡೆಯುವ ದಪ್ಪಗೋಡೆಯ ಮಣ್ಣಿನ ಮಾಳಿಗೆ. ಒಂದೆಡೆ ಗಂಜಿ, ಒಂದೆಡೆ ಮುದ್ದೆ, ಒಂದೆಡೆ ರೊಟ್ಟಿ. ಎರೆಯ ನೆಲ ಮಳೆನೀರನ್ನು ಒಡಲಲ್ಲಿಟ್ಟುಕೊಳ್ಳುವುದರಿಂದಲೇ ಮಳೆ ನಿಂತಮೇಲೂ ಅಲ್ಲಿ ಹಿಂಗಾರಿ ಜೋಳ ತೆನೆಗಟ್ಟುತ್ತದೆ. ಇಷ್ಟನ್ನು ಒಪ್ಪದವನು ನೆಲವನ್ನು ಕಂಡವನಲ್ಲ.

ಆದರೆ ಮನೆಯ ಮಾಡು ಹೇಗಿರಬೇಕೆಂಬುದನ್ನು ಮಳೆ ನಿರ್ಧರಿಸುತ್ತದೆ ಎಂದಮಾತ್ರಕ್ಕೆ, ಆ ಮಾಡಿನ ಕೆಳಗೆ ಯಾರು ಮಲಗಬೇಕು, ಯಾರು ಜಗಲಿಯ ಹೊರಗೆ ನಿಲ್ಲಬೇಕು ಎಂಬುದನ್ನೂ ಮಳೆಯೇ ನಿರ್ಧರಿಸಿತೆನ್ನಬಹುದೆ? ನಮ್ಮ ವಿಮರ್ಶೆಯು ಸಾಮಾನ್ಯವಾಗಿ ಕೇಳದೆ ಬಿಟ್ಟಿರುವ ಪ್ರಶ್ನೆ ಇದು. ನಮ್ಮ ಉತ್ತಮ ಲೇಖಕರಾದರೋ ಇದನ್ನು ಕೇಳದೆ ಬಿಟ್ಟಿಲ್ಲ.

ಶಿವರಾಮ ಕಾರಂತರ ಎರಡು ಕಾದಂಬರಿಗಳನ್ನು ಒಟ್ಟಿಗಿಟ್ಟು ನೋಡುವುದರಿಂದ ಈ ಮಾತು ಸ್ಪಷ್ಟವಾಗುವುದು. ‘ಚೋಮನ ದುಡಿ’ 1933ರಲ್ಲಿ ಬಂದಿತು. ‘ಮರಳಿ ಮಣ್ಣಿಗೆ’ ಅದಾದ ಒಂದು ದಶಕದೊಳಗೆ. ಬರೆದವರು ಒಬ್ಬರೇ, ನಾಡು ಒಂದೇ, ದಕ್ಷಿಣ ಕನ್ನಡ, ಸುರಿಯುವ ಮಳೆಯೂ ಒಂದೇ. ‘ಮರಳಿ ಮಣ್ಣಿಗೆ’ಯಲ್ಲಿ ಕೋಡಿಯೆಂಬ ಹಳ್ಳಿ ಇದೆ, ಒಂದು ಕಡೆ ಕಡಲು, ಇನ್ನೊಂದು ಕಡೆ ಹಿನ್ನೀರು, ನಡುವೆ ಮರಳು ಬೆರೆತ ನೆಲದ ಪಟ್ಟಿ. ಆ ಪಟ್ಟಿಯಲ್ಲಿ ರಾಮ ಐತಾಳರ ಮನೆಯ ಮೂರು ತಲೆಮಾರು ಬಾಳಿ ಹೋಗುತ್ತದೆ. ಪಾರ್ವತಿ, ಸರಸ್ವತಿ, ನಾಗವೇಣಿಯರ ಬೆನ್ನು ಬಾಗಿದುದರಿಂದಲೇ ಆ ನೆಲದಲ್ಲಿ ಬತ್ತ ಬೆಳೆಯುತ್ತದೆ ಎಂಬುದನ್ನು ಓದುಗನು ಮರೆಯಲಾರನು. ಕಡಲನ್ನೂ ಮಳೆಯನ್ನೂ ಕಾರಂತರು ಚಿತ್ರಪಟದಂತೆ ಹಿಂದೆ ತೂಗುಹಾಕಿಲ್ಲ. ಅವು ಮನೆಮಂದಿಯ ದುಡಿಮೆಯೊಳಗೇ ಬಂದು ಸೇರಿಕೊಂಡಿವೆ. ಈ ಕಾದಂಬರಿಯ ಹಿರಿಮೆಗೆ ಇದೇ ಮೂಲವೆಂದು ನಮ್ಮ ಅಭಿಪ್ರಾಯ.

ಇಕ್ಕಟ್ಟಾದ ನೆಲ ಎಲ್ಲರ ಹೊಟ್ಟೆಯನ್ನು ತುಂಬಲಾರದು. ಆದುದರಿಂದ ಕರಾವಳಿಯವರು ಘಟ್ಟ ಹತ್ತುತ್ತಾರೆ. ಇದು ಭೂಗೋಳ ವಿಧಿಸಿದ ಮಾತು. ಆದರೆ ಯಾರು ಹತ್ತುತ್ತಾರೆ, ಹತ್ತಿ ಎಲ್ಲಿಗೆ ಹೋಗುತ್ತಾರೆ ಎಂಬುದನ್ನು ಗಮನಿಸಬೇಕು. ‘ಮರಳಿ ಮಣ್ಣಿಗೆ’ಯ ಶೀನ ಮಯ್ಯನ ಮಕ್ಕಳು ಘಟ್ಟ ಹತ್ತಿ ಬೆಂಗಳೂರಿಗೆ ಹೋಗಿ ಹೋಟೆಲು ನಡೆಸುತ್ತಾರೆ. ‘ಚೋಮನ ದುಡಿ’ಯ ಚೋಮನ ಮಕ್ಕಳೂ ಘಟ್ಟ ಹತ್ತುತ್ತಾರೆ, ಹೋಗುವುದು ಕಾಫಿಯ ತೋಟಕ್ಕೆ, ತಂದೆಯ ಸಾಲ ತೀರಿಸುವುದಕ್ಕೆ. ಅವರಲ್ಲಿ ಒಬ್ಬನನ್ನು ಜ್ವರ ಕೊಂಡೊಯ್ಯುತ್ತದೆ. ಒಂದೇ ಕಡಲ ತಡಿ, ಒಂದೇ ಘಟ್ಟ, ಒಂದೇ ಹಸಿವು. ಒಬ್ಬನಿಗೆ ಅಡುಗೆಯ ಒಲೆ ಜೀವನೋಪಾಯವಾಯಿತು, ಇನ್ನೊಬ್ಬನಿಗೆ ಆ ದಾರಿ ಇರಲಿಲ್ಲ. ಇವನ ಕೈಯ ಅಡುಗೆಯನ್ನು ಉಣ್ಣುವವರು ಅಂದಿನ ಪೇಟೆಯಲ್ಲಿ ಎಷ್ಟು ಮಂದಿ ಇದ್ದರು? ಈ ವ್ಯತ್ಯಾಸವನ್ನು ಮಳೆಯ ಲೆಕ್ಕದ ಯಾವ ಪುಸ್ತಕದಲ್ಲಿಯೂ ಹುಡುಕಿ ಫಲವಿಲ್ಲ.

ಚೋಮನ ಬಯಕೆಯಾದರೂ ಏನು? ತಾನು ಸಾಕಿದ ಎತ್ತುಗಳ ಜೋಡಿಯನ್ನು ಕಟ್ಟಿ ಒಂದು ತುಂಡು ನೆಲವನ್ನು ಉಳಬೇಕೆಂಬುದು. ಮುಂಗಾರು ಅವನಿಗೆ ಅಡ್ಡಬರಲಿಲ್ಲ; ಮಣ್ಣು ಅವನನ್ನು ಬೇಡವೆನ್ನಲಿಲ್ಲ; ಎತ್ತುಗಳೂ ಸಿದ್ಧವಾಗಿದ್ದುವು. ಅಡ್ಡಬಂದುದು ಹೊಲೆಯನು ಬೇಸಾಯಗಾರನಾಗಬಾರದೆಂಬ ಕಟ್ಟಳೆ. ಧಣಿ ಸಂಕಪ್ಪಯ್ಯನ ಮನಸ್ಸು ಕರಗಿದಂತೆ ಕಂಡರೂ ಆತನ ತಾಯಿ ಒಪ್ಪುವುದಿಲ್ಲ. ಕೊನೆಗೆ ಚೋಮನ ಪಾಲಿಗೆ ಉಳಿಯುವುದು ದುಡಿಯೊಂದೇ. ‘ಕರಾವಳಿಯ ನಿಸರ್ಗವು ಅಲ್ಲಿಯ ಜನರನ್ನು ಶ್ರಮಜೀವಿಗಳನ್ನಾಗಿ ಮಾಡಿತು’ ಎಂದು ನಾವು ವೇದಿಕೆಯ ಮೇಲೆ ನಿಂತು ಹೊಗಳುವಾಗ, ಶ್ರಮಕ್ಕೆ ಸಿದ್ಧನಾಗಿದ್ದೂ ನೇಗಿಲು ಸಿಕ್ಕದೆ ಹೋದ ಈತನನ್ನು ಎಲ್ಲಿ ನಿಲ್ಲಿಸೋಣ?

ಇನ್ನು ಘಟ್ಟ ಹತ್ತಿ ಮಲೆನಾಡಿಗೆ ಬರೋಣ. ‘ಇಲ್ಲಿ ನಿಮ್ಮ ವಾದ ನಿಲ್ಲದು, ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ ಕಾದಂಬರಿಯಲ್ಲಿ ಕಾಡೂ ಮಳೆಯೂ ಸ್ವತಃ ಪಾತ್ರಗಳೇ ಆಗಿವೆಯಲ್ಲ’ ಎಂದು ವಾಚಕರು ಆಕ್ಷೇಪಿಸಬಹುದು. ಆಕ್ಷೇಪಕ್ಕೆ ಬಲವಿದೆ. 1967ರಲ್ಲಿ ಪ್ರಕಟವಾದ ಆ ಮಹಾಕೃತಿಯಲ್ಲಿ ಮಳೆ, ಕತ್ತಲೆ, ಉಂಬಳ, ಹಳ್ಳ, ನೆತ್ತಿ ಎಲ್ಲವೂ ಮನುಷ್ಯನ ಮೈಮನಗಳನ್ನು ಹಿಡಿದು ಅಲುಗಾಡಿಸುತ್ತವೆ. ಗುತ್ತಿಯೂ ತಿಮ್ಮಿಯೂ ತುಂಬಿ ಹರಿಯುವ ತುಂಗೆಯನ್ನು ದಾಟುವಾಗ ಗುತ್ತಿಯ ನೆಚ್ಚಿನ ನಾಯಿ ಹುಲಿಯನು ನೆರೆಯ ಪಾಲಾಗುವ ಸನ್ನಿವೇಶವನ್ನು ಓದಿ ಕಣ್ಣು ತೇವವಾಗದವರು ವಿರಳ. ಆದರೆ ಒಂದು ಕ್ಷಣ ನಿಂತು ಕೇಳೋಣ: ಅಂಥ ಮಳೆಗಾಲದಲ್ಲಿ, ಅಂಥ ಹೊಳೆಯನ್ನು ಅವರೇಕೆ ದಾಟಬೇಕಾಯಿತು? ತಿಮ್ಮಿಯ ಮದುವೆ ಯಾರೊಡನೆ ಎಂಬುದನ್ನು ಒಡೆಯನಾದವನು ನಿಶ್ಚಯಿಸುತ್ತಿದ್ದ ಕಾಲವದು. ಅದನ್ನು ಮೀರಿದವರಿಗೆ ಓಡುವುದರ ಹೊರತು ಬೇರೆ ದಾರಿಯಿರಲಿಲ್ಲ. ಹೊಳೆ ನಿಸರ್ಗದ್ದು; ಆ ನೆರೆಯಲ್ಲಿ ಅದನ್ನು ದಾಟಬೇಕಾದ ಒತ್ತಾಯ ಮನುಷ್ಯರದು. ಕುವೆಂಪು ಅವರು ಎರಡನ್ನೂ ಒಂದೇ ದೃಶ್ಯದಲ್ಲಿ ಹೆಣೆದಿದ್ದಾರೆ. ವಿಮರ್ಶಕನು ಹೊಳೆಯನ್ನು ಮಾತ್ರ ಕಂಡು ‘ಅಹಹ, ನಿಸರ್ಗವರ್ಣನೆ!’ ಎಂದು ತಲೆದೂಗಿದರೆ ಅರ್ಧ ದೃಶ್ಯವೇ ಕೈಬಿಟ್ಟಂತಾಯಿತು.

ಬಯಲುಸೀಮೆಗೆ ಬಂದರೆ ಅಕ್ಷರ ಅರಿಯದ ಹೆಣ್ಣುಮಕ್ಕಳ ಬಾಯಲ್ಲಿ ಉಳಿದುಬಂದ ‘ಕೆರೆಗೆ ಹಾರ’ವೇ ನಮಗೆ ಸಾಕು. ಕಲ್ಲನಕೇರಿಯ ಮಲ್ಲನಗೌಡನು ಕೆರೆ ಕಟ್ಟಿಸುತ್ತಾನೆ. ಹನಿ ನೀರು ಬಾರದು. ಬಯಲುನಾಡಿನಲ್ಲಿ ಇದಕ್ಕಿಂತ ದೊಡ್ಡ ಆತಂಕ ಬೇರೆ ಯಾವುದಿದ್ದೀತು? ಇಷ್ಟರವರೆಗೆ ನೆಲದ ಮಾತು, ಮುಗಿಲಿನ ಮಾತು. ಮುಂದೆ ಆಹುತಿಯ ಮಾತು ಬರುತ್ತದೆ. ಯಾರ ಆಹುತಿ? ಹಿರಿಯ ಸೊಸೆಯನ್ನು ಕೊಟ್ಟರೆ ಮನೆಯ ಹಿರಿತನಕ್ಕೆ ಯಾರೆಂಬ ಆಲೋಚನೆ ಹುಟ್ಟಿ, ಕಿರಿಯ ಸೊಸೆ ಭಾಗೀರಥಿಯ ಹೆಸರು ನಿಲ್ಲುತ್ತದೆ. ಕೆರೆಗೆ ನೀರು ಬೇಕೆಂಬುದು ಬಯಲಿನ ಪ್ರಶ್ನೆ. ಅದಕ್ಕೆ ಭಾಗೀರಥಿಯೇ ಬೆಲೆಯೆಂಬುದು ಆ ಮನೆ ಕೊಟ್ಟ ಉತ್ತರ. ಹಾಡು ಕಟ್ಟಿದವರಿಗೆ ಈ ಭೇದ ಚೆನ್ನಾಗಿ ತಿಳಿದಿತ್ತು. ಆದುದರಿಂದಲೇ ಕೆರೆ ತುಂಬಿದಮೇಲೂ ಹಾಡು ಮುಗಿಯುವುದಿಲ್ಲ. ದಂಡಿನಿಂದ ಬಂದ ಗಂಡ ಮಾದೇವರಾಯನು ಅದೇ ಕೆರೆಗೆ ಹಾರುತ್ತಾನೆ. ನೀರು ಬಂದಿತೆಂದು ಹಿಗ್ಗುವುದಕ್ಕೆ ಹಾಡು ನಮಗೆ ಎಡೆಯನ್ನೇ ಕೊಡುವುದಿಲ್ಲ.

ಕಾಲಿನಿಂದ ಕೊರಳಿನವರೆಗೆ ಏರಿದ ಆ ನೀರು ನಮ್ಮ ಸಾಹಿತ್ಯದಲ್ಲಿ ಮತ್ತೆ ಏರಿದುದು ಶರಾವತಿಯ ದಂಡೆಯಲ್ಲಿ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು, ಹಿನ್ನೀರಿನಲ್ಲಿ ಊರುಗಳು ಮುಳುಗಿದುವು; ನಾಡಿನ ದೂರದ ಪಟ್ಟಣಗಳಲ್ಲಿ ದೀಪಗಳು ಹೊತ್ತಿದುವು. ನಾ. ಡಿಸೋಜ ಅವರ ‘ದ್ವೀಪ’ದಲ್ಲಿ ಸುರಿಯುವ ಮಳೆ ಮಲೆನಾಡಿನದೇ, ಆದರೆ ಅಂಗಳದ ಕಡೆಗೆ ಏರಿಬರುವ ನೀರು ಮಳೆಯದಷ್ಟೇ ಅಲ್ಲ, ಕಟ್ಟೆ ಕಟ್ಟಿದವರ ನಿರ್ಣಯದ್ದು. ಅಣೆಕಟ್ಟುಗಳೇ ಬೇಡವೆಂಬುದು ನಮ್ಮ ವಾದವಲ್ಲ. ವೇದಾವತಿಗೆ ಅಡ್ಡಲಾಗಿ ಮಾರಿಕಣಿವೆಯಲ್ಲಿ ಕಟ್ಟಿ 1907ರಲ್ಲಿ ಮುಗಿಸಿದ ವಾಣಿವಿಲಾಸ ಸಾಗರವನ್ನು ಚಿತ್ರದುರ್ಗದ ಸೀಮೆಯವರು ಇಂದಿಗೂ ನೆನೆಯುತ್ತಾರೆ. ನಾವು ಹೇಳುವುದಿಷ್ಟೆ: ನೀರು ಯಾರಿಗೆ ದೊರೆಯಿತು, ಯಾರನ್ನು ಮುಳುಗಿಸಿತು ಎಂಬ ಲೆಕ್ಕವನ್ನು ನಿಸರ್ಗದ ಖಾತೆಗೆ ಬರೆಯಬಾರದು.

ಈ ಚರ್ಚೆ ಪುಸ್ತಕದ ಕಪಾಟಿನೊಳಗೆ ಮುಗಿಯತಕ್ಕದ್ದಾಗಿದ್ದರೆ ಇಷ್ಟು ಬರೆಯುವ ಅಗತ್ಯವಿರಲಿಲ್ಲ. 2018ರ ಆಗಸ್ಟಿನಲ್ಲಿ ಕೊಡಗಿನ ಗುಡ್ಡಗಳು ಕುಸಿದುವು. 2024ರ ಜುಲೈಯಲ್ಲಿ ಅಂಕೋಲೆಯ ಬಳಿಯ ಶಿರೂರಿನಲ್ಲಿ, ಹೆದ್ದಾರಿಗಾಗಿ ಕಡಿದ ಗುಡ್ಡ ಜಾರಿ ರಸ್ತೆಯನ್ನೂ ಜೀವಗಳನ್ನೂ ನುಂಗಿತು. ಎರಡು ಸಲವೂ ನಮ್ಮ ಬಾಯಿಂದ ಮೊದಲು ಹೊರಟ ಮಾತು ‘ಎಂಥ ಮಳೆ!’ ಎಂಬುದೇ. ಮಳೆ ಬಿದ್ದುದು ನಿಜ. ಆದರೆ ಗುಡ್ಡದ ಬುಡವನ್ನು ಕಡಿದುದು ಮಳೆಯಲ್ಲ. ಬಯಲಿನಲ್ಲಿ ಕೆರೆಯ ಅಂಗಳ ಹೂಳು ತುಂಬಿ, ಕಾಲುವೆ ಒತ್ತುವರಿಯಾಗಿ, ನೀರಿಲ್ಲದಂತಾದಾಗಲೂ ನಾವು ಮುಗಿಲನ್ನೇ ಬಯ್ಯುತ್ತೇವೆ. ‘ನಮ್ಮ ನೆಲವೇ ಹೀಗೆ, ನಮ್ಮ ಹವೆಯೇ ಹೀಗೆ’ ಎಂಬ ಮಾತು ಕವಿತ್ವದಂತೆ ಕಂಡರೂ ಎಷ್ಟೋ ಸಲ ಹೊಣೆಗಾರಿಕೆಯಿಂದ ನುಣುಚಿಕೊಳ್ಳುವ ಉಪಾಯವಾಗಿರುತ್ತದೆ. ಸಾಹಿತ್ಯವಿಮರ್ಶೆಯು ಈ ಉಪಾಯಕ್ಕೆ ಅಲಂಕಾರ ತೊಡಿಸಬಾರದು.

ಹಾಗಾದರೆ ಪ್ರದೇಶದ ಮಾತನ್ನೇ ವಿಮರ್ಶಕನು ಎತ್ತಬಾರದೆ? ಅವಶ್ಯವಾಗಿ ಎತ್ತಬೇಕು. ಕೃತಿಯಲ್ಲಿ ನೆಲವೂ ಹವೆಯೂ ಯಾವ ಪ್ರಶ್ನೆಯನ್ನು ಒಡ್ಡಿವೆ ಎಂದು ಮೊದಲು ನೋಡಬೇಕು. ಆ ಪ್ರಶ್ನೆಗೆ ಜನರು ಯಾವ ದುಡಿಮೆಯಿಂದ, ಯಾವ ಕಟ್ಟಳೆಯಿಂದ ಉತ್ತರ ಕೊಟ್ಟರೆಂದು ಆಮೇಲೆ ನೋಡಬೇಕು. ಆ ಉತ್ತರದ ಬೆಲೆಯನ್ನು ತೆತ್ತವರು ಯಾರೆಂದು ಕಟ್ಟಕಡೆಗೆ ಕೇಳಬೇಕು. ಮೊದಲನೆಯದರಲ್ಲಿಯೇ ನಿಂತ ಬರಹವು ಪ್ರವಾಸಿಯ ಬರಹ. ಮೂರನೆಯದರವರೆಗೆ ನಡೆದ ಬರಹವು ಆ ನೆಲದ ಮಕ್ಕಳ ಬರಹ. ನಾವು ಮೇಲೆ ಹೆಸರಿಸಿದ ಕೃತಿಗಳೆಲ್ಲವೂ ಮೂರನೆಯದರವರೆಗೆ ನಡೆದುವಾದ್ದರಿಂದಲೇ ಇಂದಿಗೂ ಬಾಳುತ್ತಿವೆ.

ಈ ಮಳೆಗಾಲದಲ್ಲಿ ವಾಚಕರು ಮನೆಯ ಕಪಾಟಿನಿಂದ ‘ಚೋಮನ ದುಡಿ’ಯನ್ನು ಇನ್ನೊಮ್ಮೆ ತೆಗೆದು ಓದಬೇಕೆಂದು ನಮ್ಮ ವಿಜ್ಞಾಪನೆ. ಹೊರಗೆ ಮಳೆ ಎಲ್ಲರ ಹೊಲಕ್ಕೂ ಒಂದೇ ಸಮನಾಗಿ ಸುರಿಯುತ್ತಿರುತ್ತದೆ. ಒಳಗೆ, ಪುಟಗಳ ನಡುವೆ, ಹೊಲವಿಲ್ಲದವನ ದುಡಿ ಕೇಳಿಸುತ್ತಿರುತ್ತದೆ. ಎರಡನ್ನೂ ಒಟ್ಟಿಗೆ ಕೇಳಬಲ್ಲ ಕಿವಿಯೇ ನಾಡನ್ನು ಬಲ್ಲ ಕಿವಿ.