ಬಂದಳಿಕೆಯ ಕಲ್ಲು, ಕಾದಂಬರಿಯ ಮಾಯೆ

ನಡುಗಾಲದ ಒಂದು ಅರಸುಮನೆ, ಒಂದು ಪ್ರೇಮ, ಜೊತೆಗೆ ಯಕ್ಷಿಯೋ ಸಿದ್ಧನೋ ಒಬ್ಬರು. ಇಷ್ಟನ್ನು ಕಟ್ಟಿಕೊಂಡು ಹೊರಡುವ ಕಾದಂಬರಿಗೆ ಇಂದು ಜಗತ್ತಿನೆಲ್ಲೆಡೆ ಓದುಗರಿದ್ದಾರೆ. ಮೇರಿಯನ್ ಝಿಮ್ಮರ್ ಬ್ರ್ಯಾಡ್ಲಿ 1983ರಲ್ಲಿ ಆರ್ಥರ್ ದೊರೆಯ ಐತಿಹ್ಯವನ್ನು ಆ ಕಥೆಯ ಹೆಂಗಸರ ಕಡೆಯಿಂದ ಹೇಳಿ ಈ ಪ್ರಕಾರಕ್ಕೆ ಹೊಸ ಘನತೆ ತಂದುಕೊಟ್ಟರು. ಕನ್ನಡದಲ್ಲಿ ಮಾತ್ರ ಇದು ಇನ್ನೂ ಅಂಜುತ್ತಲೇ ನಡೆಯುತ್ತಿದೆ. ಮಾಸ್ತಿಯವರ ‘ಚಿಕವೀರ ರಾಜೇಂದ್ರ’, ತರಾಸು ಅವರ ‘ದುರ್ಗಾಸ್ತಮಾನ’ದಂಥ ದೊಡ್ಡ ಕೃತಿಗಳು ದಾಖಲೆಯ ನೆಲ ಬಿಡದೆ ನಡೆದವು. ಆ ಎತ್ತರ ಕಂಡ ಮೇಲೆ ಮಾಯ-ಮಂತ್ರಗಳೆಲ್ಲ ಮಕ್ಕಳ ಪುಸ್ತಕಕ್ಕೆ ಸೇರಿದವು ಎಂಬ ಭಾವನೆ ನಮ್ಮಲ್ಲಿ ಗಟ್ಟಿಯಾಯಿತು. ಇದು ಸರಿಯಲ್ಲ ಎಂಬುದು ನನ್ನ ವಾದ. ಚರಿತ್ರೆಯನ್ನೂ ಮಾಯೆಯನ್ನೂ ಒಂದೇ ಕಡೆ ಇಡುವ ಹದವನ್ನು ನಮ್ಮವರು ಬಹಳ ಹಿಂದೆಯೇ ಕಂಡುಕೊಂಡಿದ್ದರು. ಆ ಹದ ಹೊರದೇಶದ ಪುಸ್ತಕಗಳಿಗಿಂತ ಹೆಚ್ಚು ಸ್ಪಷ್ಟವಾಗಿ ಶಿಕಾರಿಪುರ, ಸೊರಬ ತಾಲ್ಲೂಕುಗಳ ಕಲ್ಲುಗಳಲ್ಲಿ, ಅದರಲ್ಲೂ ನಾಗರಖಂಡವೆಂಬ ಹಳೆಯ ಸೀಮೆಯ ಕೇಂದ್ರವಾಗಿದ್ದ ಬಂದಳಿಕೆಯಲ್ಲಿ ಕಾಣಸಿಗುತ್ತದೆ.

ಈ ಸೀಮೆಯಲ್ಲಿ ಹೆಜ್ಜೆಹೆಜ್ಜೆಗೂ ಸಿಗುವ ವೀರಗಲ್ಲನ್ನೇ ನೋಡಿ. ಕೆಳಗಿನ ಪಟ್ಟಿಕೆಯಲ್ಲಿ ಕಾಳಗ. ತುರು ಹಿಡಿದವರು, ಬಿಡಿಸಲು ಹೋದವನು, ಅವನ ಕೈಯ ಬಿಲ್ಲು ಅಥವಾ ಕತ್ತಿ, ನೆಲಕ್ಕೆ ಬಿದ್ದ ದೇಹ. ನಡುವಿನ ಪಟ್ಟಿಕೆಯಲ್ಲಿ ಅದೇ ಮನುಷ್ಯನನ್ನು ಅಪ್ಸರೆಯರು ಎತ್ತಿಕೊಂಡು ಹೋಗುತ್ತಿದ್ದಾರೆ. ಮೇಲಿನದರಲ್ಲಿ ಅವನು ಶಿವಲಿಂಗದ ಮುಂದೆ ಕುಳಿತಿದ್ದಾನೆ, ಜೈನನಾದರೆ ಜಿನನ ಮುಂದೆ. ಪಟ್ಟಿಕೆಗಳ ನಡುವೆ ಬರಹ: ಯಾವ ಅರಸನ ಕಾಲ, ಯಾವ ಊರು, ಸತ್ತವನು ಯಾರ ಮಗ. ಕೆತ್ತಿದ ರೂವಾರಿಗೆ ಕೆಳಗಿನದು ನಿಜ, ಮೇಲಿನದು ಕಲ್ಪನೆ ಎಂಬ ಭೇದವಿರಲಿಲ್ಲ. ಆದರೂ ಅವನು ಒಂದನ್ನು ಇನ್ನೊಂದರ ಜಾಗಕ್ಕೆ ತರಲಿಲ್ಲ. ಅಪ್ಸರೆ ಕೆಳಗಿಳಿದು ಬಂದು ವೀರನ ಪರವಾಗಿ ಬಾಣ ಬಿಡುವುದಿಲ್ಲ. ಅವನು ತನ್ನ ತೋಳಿನಿಂದಲೇ ಹೋರಾಡಿ ಸಾಯಬೇಕು. ಸತ್ತ ಮೇಲೆ ಮಾತ್ರ ಮೇಲಿನ ಪಟ್ಟಿಕೆ ಅವನಿಗೆ ತೆರೆಯುತ್ತದೆ. ಮಾಯೆಗೆ ಮನುಷ್ಯ ತೆತ್ತ ಬೆಲೆ ಆ ಕಲ್ಲಿನಲ್ಲೇ ಇದೆ. ಇಂದಿನ ಎಷ್ಟೋ ಕಾದಂಬರಿಗಳಲ್ಲಿ ಕಷ್ಟ ಬಂದೊಡನೆ ಮಂತ್ರದಂಡ ಎತ್ತುವ ನಾಯಕನನ್ನು ಈ ರೂವಾರಿ ಒಪ್ಪುತ್ತಿರಲಿಲ್ಲ.

ಶಾಸನ ಬರೆದವರು ಶುದ್ಧ ಸತ್ಯವನ್ನಷ್ಟೇ ಬರೆದರು ಎಂದು ನಾನು ಹೇಳುತ್ತಿಲ್ಲ. ತಾಳಗುಂದದ ಕಂಬದ ಮೇಲೆ ಕವಿ ಕುಬ್ಜ ಹೇಳಿದ, ಕದಂಬ ವಂಶದ ಮೂಲಪುರುಷ ಮಯೂರಶರ್ಮನ ಕಥೆಯಲ್ಲಿ ಕಂಚಿಯ ಘಟಿಕೆಗೆ ಓದಲು ಹೋದದ್ದು, ಪಲ್ಲವರ ಕುದುರೆಯವನೊಡನೆ ಜಗಳ, ದರ್ಭೆ ಹಿಡಿದ ಕೈ ಕತ್ತಿ ಹಿಡಿದದ್ದು ಎಲ್ಲ ಇದೆ. ಅವನಿಗೆ ಸ್ವತಃ ಷಡಾನನನೇ ಅಭಿಷೇಕ ಮಾಡಿದ ಎಂಬ ಮಾತೂ ಇದೆ. ಆದರೆ ಅದು ಹೇಳುವ ಕಾಲಕ್ಕೆ ಹಿಂದಿನ ಕಥೆ. ಅದೇ ವಂಶದ ಕಾಕುಸ್ಥವರ್ಮ ಕಟ್ಟಿಸಿದ ಕೆರೆಯ ವಿಷಯಕ್ಕೆ ಬಂದಾಗ ಕುಬ್ಜ ನೆಲಕ್ಕಿಳಿಯುತ್ತಾನೆ. ಶತಮಾನಗಳು ಕಳೆದಂತೆ ಮೂಲಪುರುಷ ಇನ್ನೂ ಬೆಳೆದ. ನಂತರದ ಕದಂಬ ಶಾಖೆಗಳ ಶಾಸನಗಳಲ್ಲಿ ಅವನು ಶಿವನ ಹಣೆಯ ಬೆವರಹನಿ ಕದಂಬ ಮರದಡಿ ಬಿದ್ದು ಹುಟ್ಟಿದ ಮುಕ್ಕಣ್ಣ. ಬಂದಳಿಕೆಯದೇ 13ನೇ ಶತಮಾನದ ಆರಂಭದ ಶಾಸನವೊಂದು ಕುಂತಲ ನಾಡನ್ನು ನವನಂದರು ಆಳಿದರು ಎನ್ನುತ್ತದೆ. ಸೊರಬ ತಾಲ್ಲೂಕಿನ ಕುಪ್ಪತ್ತೂರಿನ ಶಾಸನ ನಾಗರಖಂಡವನ್ನು ಚಂದ್ರಗುಪ್ತ ಕಾಪಾಡಿದ ಎನ್ನುತ್ತದೆ. ನಂದರಿಗೂ ಬಂದಳಿಕೆಯ ಆ ಶಾಸನಕ್ಕೂ ನಡುವೆ ಸುಮಾರು 1500 ವರ್ಷಗಳ ಅಂತರವಿದೆ! ಅಷ್ಟು ದೂರದಲ್ಲಿ ಕವಿಗೆ ಸ್ವಾತಂತ್ರ್ಯವಿತ್ತು. ದತ್ತಿ ಭೂಮಿಯ ಗಡಿ, ಮತ್ತರಿನ ಲೆಕ್ಕ, ಸಾಕ್ಷಿಗಳ ಹೆಸರು ಬಂದಾಗ ಆ ಸ್ವಾತಂತ್ರ್ಯ ಮುಗಿಯುತ್ತಿತ್ತು. ದೂರದ್ದು ಐತಿಹ್ಯಕ್ಕೆ, ಹತ್ತಿರದ್ದು ಲೆಕ್ಕಕ್ಕೆ ಎಂಬುದು ಅವರ ಕಟ್ಟಳೆ.

ಕಾವ್ಯದಲ್ಲೂ ಇದೇ ವಿವೇಕ. 12ನೇ ಶತಮಾನದ ನೇಮಿಚಂದ್ರನ ‘ಲೀಲಾವತಿ’ಯ ನಾಯಕ ಕಂದರ್ಪ ಜಯಂತಿಪುರದ, ಅಂದರೆ ಬನವಾಸಿಯ ಕದಂಬ ರಾಜಕುಮಾರ. ಕನಸಿನಲ್ಲಿ ಕಂಡ ಹೆಣ್ಣನ್ನು ಹುಡುಕುತ್ತ ಗೆಳೆಯ ಮಕರಂದನೊಡನೆ ಊರು ಬಿಡುತ್ತಾನೆ. ಆ ಹೆಣ್ಣೂ ಅವನನ್ನು ಕನಸಿನಲ್ಲೇ ಕಂಡಿದ್ದಾಳೆ. ಊರು ನಿಜ, ವಂಶ ನಿಜ, ಕುಮಾರ ಮಾತ್ರ ಕವಿಯ ಸೃಷ್ಟಿ. ಶಾಸನಗಳಿರುವ ಅರಸನೊಬ್ಬನನ್ನು ಎಳೆತಂದು ಅವನಿಗೆ ಈ ಕನಸನ್ನು ಅಂಟಿಸುವ ಕೆಲಸಕ್ಕೆ ನೇಮಿಚಂದ್ರ ಹೋಗಲಿಲ್ಲ. ಪ್ರೇಮ ಮತ್ತು ಮಾಯೆಯ ಬೆಸುಗೆ ಇನ್ನೂ ಗಾಢವಾಗಿರುವುದು ಬಳ್ಳಿಗಾವೆಯ ಅಲ್ಲಮನ ಕಥೆಯಲ್ಲಿ. ಹರಿಹರನ ರಗಳೆಯಲ್ಲಿ ಅಲ್ಲಮ ಮದ್ದಳೆಗಾರ. ಕಮಲತೆಯನ್ನು ಪ್ರೀತಿಸಿ ಕೂಡುತ್ತಾನೆ. ಅವಳು ಜ್ವರದಿಂದ ಸಾಯುತ್ತಾಳೆ. ಹುಚ್ಚನಂತೆ ಅಲೆದು ತೋಟವೊಂದರಲ್ಲಿ ಕುಳಿತು ಕಾಲ ಉಗುರಿನಿಂದ ನೆಲ ಕೆದಕುವಾಗ ಹೂತುಹೋದ ಗುಡಿಯ ಕಳಸ ಕಾಣುತ್ತದೆ. ಅಗೆಸಿ ಒಳಹೊಕ್ಕರೆ ಯೋಗದಲ್ಲಿ ಕುಳಿತ ಅನಿಮಿಷಯ್ಯ, ಅವನ ಅಂಗೈಯಲ್ಲಿ ಲಿಂಗ. ಇಡೀ ಕಥೆಯ ಬೆರಗೆಲ್ಲ ಆ ಉಗುರಿನ ತುದಿಯಲ್ಲಿದೆ. ದುಃಖ ಆ ಮಟ್ಟಿಗೆ ಮಾಗದೆ ಕಳಸ ಕಾಣುತ್ತಿರಲಿಲ್ಲ. 15ನೇ ಶತಮಾನದ ಚಾಮರಸನ ‘ಪ್ರಭುಲಿಂಗಲೀಲೆ’ಯಲ್ಲಿ ಕಮಲತೆಯ ಬದಲು ಪಾರ್ವತಿಯ ತಾಮಸ ಕಳೆಯಾದ ಮಾಯಾದೇವಿ ಬರುತ್ತಾಳೆ, ಅಲ್ಲಮ ಯಾರಿಗೂ ಸಿಲುಕದವನಾಗುತ್ತಾನೆ. ತತ್ವಕ್ಕೆ ಚಾಮರಸ, ಕಥೆಗೆ ಹರಿಹರ ಎಂಬುದು ನನ್ನ ತೀರ್ಪು. ಸೋಲಲು ಸಾಧ್ಯವೇ ಇಲ್ಲದ ನಾಯಕನ ಮುಂದೆ ಮಾಯೆ ಎಷ್ಟು ಕುಣಿದರೂ ಓದುಗನ ಎದೆ ನಡುಗುವುದಿಲ್ಲ.

ಈ ಬಗೆಯ ಬರವಣಿಗೆ ಚರಿತ್ರೆಯನ್ನು ಕೆಡಿಸುತ್ತದೆ, ಜನ ಕಥೆಯನ್ನೇ ಇತಿಹಾಸವೆಂದು ನಂಬುತ್ತಾರೆ ಎಂಬ ಆಕ್ಷೇಪವಿದೆ. ಇದನ್ನು ಹಗುರವಾಗಿ ತಳ್ಳಿಹಾಕಲಾಗದು. ಆದರೆ ಮೋಸ ಹೆಚ್ಚಾಗಿ ನಡೆಯುವುದೆಲ್ಲಿ? ಮರದ ಮೇಲಿನ ಯಕ್ಷಿ ಮಾತಾಡಿದರೆ ಇದು ಕಥೆ ಎಂದು ಓದುಗನಿಗೆ ತಕ್ಷಣ ತಿಳಿಯುತ್ತದೆ. ದಾಖಲೆಯಲ್ಲಿಲ್ಲದ ಪ್ರಿಯಕರನನ್ನು, ಪಿತೂರಿಯನ್ನು ತಣ್ಣನೆಯ ವಾಸ್ತವದ ಧಾಟಿಯಲ್ಲಿ ಸೇರಿಸಿದರೆ ತಿಳಿಯುವುದೇ ಇಲ್ಲ. ಸುಳ್ಳು ನುಸುಳುವುದು ಆ ಸಂದಿಯಲ್ಲಿ. ಮಾಯೆ ಬಹಿರಂಗವಾಗಿ ಬಂದಷ್ಟೂ ಚರಿತ್ರೆಗೆ ಕ್ಷೇಮ. ಇವೆಲ್ಲ ಕಾಲ ಕಳೆಯುವ ಓದು ಎನ್ನುವವರಿಗೆ ಹರಿಹರನ ಕಮಲತೆಯ ಸಾವೇ ಉತ್ತರ.

ಬಂದಳಿಕೆಯಲ್ಲಿ ಇಂಥ ಕಾದಂಬರಿಗೆ ಕಾದಿರುವ ಒಬ್ಬಳಿದ್ದಾಳೆ. 10ನೇ ಶತಮಾನದ ಆರಂಭದಲ್ಲಿ, ರಾಷ್ಟ್ರಕೂಟರ ಆಳ್ವಿಕೆಯಲ್ಲಿ, ನಾಗರಖಂಡ ಎಪ್ಪತ್ತರ ನಾಳ್ಗಾವುಂಡ, ಅಂದರೆ ನಾಡಿನ ಅಧಿಕಾರಿ, ಸತ್ತರಸ ನಾಗಾರ್ಜುನ ತೀರಿಕೊಂಡಾಗ ಆ ಅಧಿಕಾರ ಅವನ ಹೆಂಡತಿ ಜಕ್ಕಿಯಬ್ಬೆಗೆ ಬಂತು. ಅವಳು ಸಮರ್ಥಳಾಗಿ ಆಳಿದಳು, ಬಸದಿಗೆ ಭೂಮಿ ಕೊಟ್ಟಳು. ರೋಗ ಬಂದಾಗ ಮಗಳನ್ನು ಕರೆಸಿ ಎಲ್ಲವನ್ನೂ ಒಪ್ಪಿಸಿ, ಬಂದಳಿಕೆಯ ಬಸದಿಗೆ ಬಂದು ಸಲ್ಲೇಖನದಿಂದ, ಅಂದರೆ ಜೈನರ ಉಪವಾಸವ್ರತದಿಂದ, ದೇಹ ಬಿಟ್ಟಳು. ಶಾಸನ ಇಷ್ಟನ್ನು ಹೇಳುತ್ತದೆ. ಅಧಿಕಾರ ಸಿಕ್ಕ ಮೊದಲ ರಾತ್ರಿ ಅವಳಿಗೆ ನಿದ್ದೆ ಬಂತೇ, ಮಗಳೊಡನೆ ಕೊನೆಗೆ ಏನು ಮಾತಾಡಿದಳು, ಸತ್ತ ಗಂಡ ಕನಸಿಗೆ ಬಂದನೇ ಎಂಬುದನ್ನು ಹೇಳುವುದಿಲ್ಲ. ಅಲ್ಲಿ ಬಸದಿಯ ಯಕ್ಷಿ ಬಾಯಿ ಬಿಡಬಹುದು, ಕಾಡಿನ ಸಿದ್ಧನೊಬ್ಬ ಸಾವನ್ನು ಮುಂದೂಡುವ ಗುಳಿಗೆ ಹಿಡಿದು ಬರಬಹುದು, ಅವಳು ಬೇಡವೆನ್ನಬಹುದು. ಆದರೆ ಆ ಗುಳಿಗೆ ನುಂಗಿಸಿ ಅವಳನ್ನು ಬದುಕಿಸಿದ ಲೇಖಕ ಅವಳು ತಾನೇ ಆರಿಸಿಕೊಂಡ ಸಾವನ್ನು ಕಸಿದುಕೊಂಡಂತೆ. ಅಂಥ ಪುಸ್ತಕ ಎಷ್ಟು ರೋಚಕವಾಗಿದ್ದರೂ ನಾನು ಮೆಚ್ಚಲಾರೆ.

ಈ ಪ್ರಕಾರದಲ್ಲಿ ಬರೆಯಹೊರಟ ಹೊಸಬರಲ್ಲಿ ನನ್ನ ಕೋರಿಕೆ ಇಷ್ಟೆ. ಬೇರೆ ದೇಶದ ಡ್ರ್ಯಾಗನ್ನುಗಳನ್ನು ಮಲೆನಾಡಿಗೆ ಕರೆತರುವ ಮೊದಲು ಬಿ. ಎಲ್. ರೈಸ್ ಸಂಪಾದಿಸಿದ ‘ಎಪಿಗ್ರಾಫಿಯಾ ಕರ್ನಾಟಿಕಾ’ದ 7ನೇ ಸಂಪುಟ ತೆರೆಯಿರಿ; ಶಿಕಾರಿಪುರ ತಾಲ್ಲೂಕಿನ ಶಾಸನಗಳು ಅದರಲ್ಲಿವೆ. ಪ್ರಕಾಶಕರು ಪುಸ್ತಕದ ಕೊನೆಗೆ ಒಂದೇ ಒಂದು ಪುಟ ಬಿಡಲಿ. ಕಲ್ಲಿನಲ್ಲಿ ಇರುವುದು ಯಾವುದು, ಲೇಖಕರು ಕಟ್ಟಿದ್ದು ಯಾವುದು ಎಂದು ಅಲ್ಲಿ ಬರೆದಿರಲಿ. ಓದುಗರೂ ಆ ಪುಟವನ್ನು ಕೇಳಿ ಪಡೆಯಬೇಕು.