‘ಚಿತ್ತ’ ಮತ್ತು ‘ಒಪ್ಪಿಸು’: ಕ್ರೈಸ್ತ ಶರಣಾಗತಿಯ ಎರಡು ಕನ್ನಡ ಮಾತುಗಳು

ಕನ್ನಡ ಬೈಬಲ್ಲಿನ ಭಾಷೆಯನ್ನು ‘ಪಾದ್ರಿ ಕನ್ನಡ’ವೆಂದು ಹಳಿಯುವದು ನಮ್ಮ ಪಂಡಿತವರ್ಗದಲ್ಲಿ ಬಹುಕಾಲದಿಂದ ನಡೆದುಬಂದ ರೂಢಿ. ಆ ಹಳಿಕೆಯು ಕೇವಲ ನಿಷ್ಕಾರಣವೆಂದು ಹೇಳುವಂತಿಲ್ಲ. ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸರು 1810ರಲ್ಲಿ ಬಳ್ಳಾರಿಗೆ ಬಂದು ಕನ್ನಡವನ್ನು ಕಲಿತು ಕೈಕೊಂಡ ಭಾಷಾಂತರದ ಕಾರ್ಯವು ಫಲಿಸಿ, 1831ರಲ್ಲಿ ಇಡೀ ಬೈಬಲ್ಲು ಕನ್ನಡದಲ್ಲಿ ಅಚ್ಚಾಯಿತು. ಅನಂತರ ಅದು ಹಲವು ಸಲ ಪರಿಷ್ಕಾರ ಹೊಂದಿದೆ. ಆದರೂ ಅಲ್ಲಲ್ಲಿ ಅನ್ವಯಕ್ಲೇಶವು ಉಳಿದೇ ಇದೆ. ಆದರೆ ಭಾಷಾಂತರದ ಯೋಗ್ಯತೆಯನ್ನು ಅದರ ಸುಲಭವಾದ ಭಾಗಗಳಲ್ಲಿ ಅಳೆಯುವದು ಸರಿಯಲ್ಲ. ಮೂಲದ ಅತ್ಯಂತ ಕಠಿನವಾದ ಭಾವವು ಬಂದಾಗ ಅದು ಯಾವ ಮಾತನ್ನು ಹುಡುಕಿತೆಂಬುದನ್ನು ನೋಡಬೇಕು. ಕ್ರೈಸ್ತಧರ್ಮದಲ್ಲಿ ಅಂತಹ ಭಾವವೆಂದರೆ, ಮನುಷ್ಯನು ‘ನಾನೇ ನಡಿಸುವವನು’ ಎಂಬ ಅಭಿಮಾನವನ್ನು ಬಿಟ್ಟು ತನ್ನನ್ನು ದೇವರ ವಶಕ್ಕೆ ಕೊಡುವದು. ಇದಕ್ಕೆ ಕನ್ನಡವು ಇತ್ತ ಎರಡು ಮಾತುಗಳನ್ನು, ‘ಚಿತ್ತ’ ‘ಒಪ್ಪಿಸು’ ಎಂಬವನ್ನು, ಇಲ್ಲಿ ವಿಚಾರಿಸತಕ್ಕದ್ದಾಗಿದೆ.

ದೇವರ ಇಚ್ಛೆಯನ್ನು ಕನ್ನಡ ಬೈಬಲ್ಲು ‘ಚಿತ್ತ’ವೆಂದು ಕರೆಯುತ್ತದೆ. ಸಂಸ್ಕೃತವನ್ನೋದಿದವನಿಗೆ ಇದು ಮೊದಲು ದೋಷವಾಗಿಯೇ ಕಾಣುವದು. ಪತಂಜಲಿಯ ಮತದಲ್ಲಿ ಚಿತ್ತವೆಂಬುದು ಚಂಚಲವಾದ ಅಂತಃಕರಣ. ಅದರ ವೃತ್ತಿಗಳನ್ನು ತಡೆಯುವದೇ ಯೋಗ. ದೇವರಿಗೆ ಅಂತಹ ಚಿತ್ತವೆಲ್ಲಿಯದು? ‘ಸಂಕಲ್ಪ’ವೆಂದಿದ್ದರೆ ಶಾಸ್ತ್ರಕ್ಕೆ ಒಪ್ಪುತ್ತಿತ್ತಲ್ಲವೆ? ಎಂದು ಆಕ್ಷೇಪವು ಬರಬಹುದು. ಆದರೆ ಭಾಷಾಂತರವು ಹಿಡಿದದ್ದು ಸಂಸ್ಕೃತದ ಅರ್ಥವನ್ನಲ್ಲ, ಕನ್ನಡದ ಅರ್ಥವನ್ನು. ‘ದೊರೆಗಳ ಚಿತ್ತಕ್ಕೆ ಬರಬೇಕು’ ಎಂದು ನಾವು ಅನ್ನುತ್ತೇವೆ. ದೊಡ್ಡವರು ಲಾಲಿಸುವದಕ್ಕೂ ದಯಮಾಡಿಸುವದಕ್ಕೂ ‘ಚಿತ್ತೈಸು’ ಎಂಬ ಕ್ರಿಯಾಪದವೇ ನಮ್ಮ ಕಾವ್ಯಗಳಲ್ಲಿದೆ. ಆದುದರಿಂದ ಕನ್ನಡಿಗನ ಕಿವಿಗೆ ಚಿತ್ತವೆಂದರೆ ಹಿರಿಯರ ಅಪ್ಪಣೆ ಹುಟ್ಟುವ ಸ್ಥಾನ.

ಇದರಲ್ಲಿ ಒಂದು ಅಪಾಯವೂ ಉಂಟು. ದೊರೆಯ ಚಿತ್ತವು ಕಾರಣ ಹೇಳುವದಿಲ್ಲ. ಇಂದು ಒಲಿದೀತು, ನಾಳೆ ಮುನಿದೀತು. ದೇವರ ಚಿತ್ತವೂ ಹಾಗೆಯೇ ಎಂದು ತಿಳಿದರೆ ಶರಣಾಗತಿಯು ಹಣೆಬರಹದ ಮಾತಾಗಿ ಇಳಿದುಹೋಗುವದು. ‘ದೇವರಿಟ್ಟಂಗ ಇರಬೇಕು’ ಎಂಬ ನಮ್ಮ ಕಡೆಯ ನುಡಿಯನ್ನು ಕೆಲವರು ಭಕ್ತಿಯಿಂದಲೂ ಕೆಲವರು ಸೋಮಾರಿತನದಿಂದಲೂ ಆಡುವದನ್ನು ವಾಚಕರು ಬಲ್ಲರು. ಈ ಅಪಾಯದಿಂದ ಪದವನ್ನು ಕಾಪಾಡುವದು ಸಂಬೋಧನೆ. ಗೆತ್ಸೇಮನೆಯ ತೋಟದಲ್ಲಿ ಯೇಸುವು ಪ್ರಾರ್ಥಿಸುವಾಗ ಮಾರ್ಕನು ‘ಅಬ್ಬಾ’ ಎಂಬ ಅರಮಾಯ ಶಬ್ದವನ್ನು ಹಾಗೆಯೇ ಇರಿಸಿದ್ದಾನೆ. ತಂದೆಯೇ ಎಂದು ಅದರ ಅರ್ಥ. ನಮ್ಮ ‘ಅಪ್ಪಾ’ ಎಂಬುದಕ್ಕೆ ಅದು ಧಾತುವಿನಿಂದ ನೆಂಟನಲ್ಲ. ಧ್ವನಿಯಲ್ಲಿಯೂ ಭಾವದಲ್ಲಿಯೂ ಹತ್ತಿರದ್ದು. ಹೆತ್ತ ತಂದೆಯನ್ನೂ ಮಠದ ಪೂಜ್ಯರನ್ನೂ ‘ಅಪ್ಪ’ ಎಂಬ ಒಂದೇ ಮಾತಿನಿಂದ ಕರೆಯುವ ಕಲಬುರಗಿಯ ಸೀಮೆಗೆ ಇದನ್ನು ಬಿಡಿಸಿ ಹೇಳಬೇಕಾದುದಿಲ್ಲ. ಚಿತ್ತವು ದೊರೆಯದಾದರೂ ದೊರೆಯು ಅಪ್ಪನಾಗಿದ್ದಾನೆ.

ಆ ತೋಟದ ಪ್ರಸಂಗವನ್ನೇ ಇನ್ನಷ್ಟು ಸೂಕ್ಷ್ಮವಾಗಿ ನೋಡೋಣ. ಯೇಸುವು ಮೊದಲಿಗೇ ‘ನಿನ್ನ ಚಿತ್ತ’ ಎಂದು ಸುಮ್ಮನಾಗಲಿಲ್ಲ. ಮರಣದ ಪಾತ್ರೆಯು ತನ್ನಿಂದ ತೊಲಗಲೆಂದು ಬೇಡಿದನು. ಬೇಡಿದ ಮೇಲೆಯೇ ತನ್ನ ಇಚ್ಛೆಯನ್ನು ಕೆಳಗಿಟ್ಟನು. ಆತನು ಮೂರು ಸಲ ಬಂದು ನೋಡುವಲ್ಲಿ ಶಿಷ್ಯರು ನಿದ್ರಿಸುತ್ತಿದ್ದರು. ಈ ನಿದ್ರೆಯನ್ನು ಸುವಾರ್ತಿಕರು ವೃಥಾ ಹೇಳಲಿಲ್ಲವೆಂದು ನನಗೆ ತೋರುತ್ತದೆ. ಒಂದೇ ತೋಟದಲ್ಲಿ ಇಬ್ಬಗೆಯ ಸುಮ್ಮನಿರುವಿಕೆ ಇದೆ: ಶಿಷ್ಯರದು ತಾಮಸ, ಯೇಸುವಿನದು ಎಚ್ಚರ. ಹೊರಗಿನಿಂದ ಎರಡೂ ನಿಶ್ಚಲ. ಒಳಗೆ ಒಂದು ಜಾಡ್ಯ, ಇನ್ನೊಂದು ಯುದ್ಧ.

ಗೀತೆಯೊಡನೆ ಹೋಲಿಸಿದರೆ ಇದು ಮತ್ತಷ್ಟು ಸ್ಪಷ್ಟವಾಗುವದು. ಅರ್ಜುನನು ಮೊದಲು ಬಿಲ್ಲನ್ನು ಕೆಳಗಿಟ್ಟನು. ಅದು ಶರಣಾಗತಿಯಲ್ಲ, ವಿಷಾದ. ಕೊನೆಗೆ ಭಗವಂತನ ಮಾತಿನಂತೆ ನಡೆಯಲು ಎದ್ದು ನಿಂತನು, ಅದು ಶರಣಾಗತಿ. ಇತ್ತ ಪೇತ್ರನು ಕತ್ತಿಯನ್ನು ಹಿರಿದಾಗ ಅದನ್ನು ಒರೆಗೆ ಸೇರಿಸೆಂದು ಯೇಸುವು ಹೇಳಿದನು. ಒಬ್ಬನಿಗೆ ಆಯುಧವನ್ನು ಹಿಡಿಯುವದು, ಇನ್ನೊಬ್ಬನಿಗೆ ಬಿಡುವದು. ಕ್ರಿಯೆಗಳು ವಿರುದ್ಧ, ಹಿಂದಿನ ನಿಶ್ಚಯವು ಒಂದೇ ಜಾತಿಯದು. ಆದರೆ ಒಂದು ಭೇದವನ್ನು ಮರೆಮಾಚಬಾರದು. ಅರ್ಜುನನಿಗೆ ಹದಿನೆಂಟು ಅಧ್ಯಾಯಗಳ ಉತ್ತರವು ದೊರೆಯಿತು. ಮತ್ತಾಯ ಮಾರ್ಕರ ಕಥನದಲ್ಲಿ ಗೆತ್ಸೇಮನೆಯ ಬೇಡಿಕೆಗೆ ತಂದೆಯಿಂದ ಒಂದು ಮಾತೂ ಬರುವದಿಲ್ಲ. ಉತ್ತರವಿಲ್ಲದೆ ಒಪ್ಪುವದು ಕ್ರೈಸ್ತ ಶರಣಾಗತಿಯ ಕಷ್ಟ. ಅದರ ಘನತೆಯೂ ಅದೇ.

ಶ್ರೀವೈಷ್ಣವರ ಪ್ರಪತ್ತಿಶಾಸ್ತ್ರದಲ್ಲಿಯೂ ಇದೇ ಚರ್ಚೆಯುಂಟು. ಮರಿಕೋತಿಯು ತಾಯಿಯನ್ನು ತಾನೇ ಅವಚಿಕೊಳ್ಳುವದು. ಬೆಕ್ಕಿನ ಮರಿಯನ್ನು ತಾಯಿಯೇ ಕಚ್ಚಿಕೊಂಡು ಹೋಗುವದು. ವಡಗಲೆಯವರಿಗೆ ಮೊದಲಿನದು ದೃಷ್ಟಾಂತ, ತೆಂಗಲೆಯವರಿಗೆ ಎರಡನೆಯದು. ಕ್ರೈಸ್ತರಲ್ಲಿಯೂ ಕೃಪೆ ಹಾಗೂ ಪ್ರಯತ್ನಗಳ ವಿವಾದವು ಅಗಸ್ಟಿನನ ಕಾಲದಿಂದ ಬಂದಿದೆ. ಭಂಕೂರ ಶಹಾಬಾದಗಳ ಗಣಿಗಳನ್ನು ನೋಡಿದವರಿಗೆ ಬೇರೊಂದು ದೃಷ್ಟಾಂತವು ಹೊಳೆದೀತು. ಇಲ್ಲಿಯ ಕಲ್ಲು ಪದರು ಪದರಾಗಿ ಕೂತದ್ದು. ಕೆಲಸಗಾರನು ಉಳಿಯನ್ನು ಪದರಿನ ಸಂದಿನಲ್ಲಿಟ್ಟು ಹೊಡೆದರೆ ಫರಸಿಯು ಅಖಂಡವಾಗಿ ಏಳುವದು; ಪದರನ್ನು ಅಲಕ್ಷಿಸಿ ಹೊಡೆದರೆ ಚೂರಾಗುವದು. ಪೆಟ್ಟು ಅವನದು, ಬೆವರು ಅವನದು. ಪದರು ಅವನು ಮಾಡಿದ್ದಲ್ಲ.

ಇನ್ನು ‘ಒಪ್ಪಿಸು’ ಎಂಬ ಮಾತು. ಇದು ‘ಒಪ್ಪು’ ಧಾತುವಿನ ಪ್ರೇರಣಾರ್ಥಕ. ಒಪ್ಪು ಎಂದರೆ ಸಮ್ಮತಿ. ಹಳಗನ್ನಡದಲ್ಲಿ ಶೋಭಿಸುವದೆಂಬ ಅರ್ಥವೂ ಇದೆ. ಶಾಲೆಯ ಹುಡುಗನು ಪಾಠವನ್ನು ಗುರುವಿಗೆ ‘ಒಪ್ಪಿಸುತ್ತಾನೆ’. ಕಲಿಯದವನಿಗೆ ಒಪ್ಪಿಸುವದು ಸಾಧ್ಯವಿಲ್ಲ. ತನ್ನದಾಗಿ ಮಾಡಿಕೊಂಡುದನ್ನು ಮಾತ್ರ ಹಿಂದಕ್ಕೆ ಕೊಡಬಹುದೆಂಬ ತತ್ವವು ಈ ಪದದಲ್ಲಿಯೇ ಅಡಗಿದೆ.

ಶಿಲುಬೆಯ ಕಥೆಯಲ್ಲಿ ಈ ಪದವು ಮತ್ತೆ ಮತ್ತೆ ಬರುವ ರೀತಿ ವಿಚಾರಾರ್ಹವಾದುದು. ಮಹಾಯಾಜಕರು ಯೇಸುವನ್ನು ಪಿಲಾತನಿಗೆ ಒಪ್ಪಿಸಿದರು. ಪಿಲಾತನು ಶಿಲುಬೆಗೆ ಒಪ್ಪಿಸಿದನು. ಲೂಕನ ಪ್ರಕಾರ ಕೊನೆಯುಸಿರಿನಲ್ಲಿ ಯೇಸುವು ತನ್ನ ಆತ್ಮವನ್ನು ತಾನೇ ತಂದೆಯ ಕೈಗೆ ಒಪ್ಪಿಸಿದನು. ಗ್ರೀಕಿನಲ್ಲಿ ಮೊದಲಿನವಕ್ಕೂ ಕಡೆಯದಕ್ಕೂ ಬೇರೆ ಬೇರೆ ಕ್ರಿಯಾಪದಗಳಿವೆ. ಕನ್ನಡವು ಒಂದನ್ನೇ ಬಳಸಿ, ಮೂಲದಲ್ಲಿಲ್ಲದ ಒಂದು ಬೆಳಕನ್ನು ಬೀರಿದೆ. ಇತರರನ್ನು ಒಪ್ಪಿಸುವದು ಅನ್ಯಾಯ, ತನ್ನನ್ನು ಒಪ್ಪಿಸುವದು ಆರಾಧನೆ. ಕೈತೊಳೆದುಕೊಂಡ ಪಿಲಾತನೂ ಒಂದು ಬಗೆಯಲ್ಲಿ ಅಧಿಕಾರವನ್ನು ಬಿಟ್ಟುಕೊಟ್ಟವನೇ. ಆದರೆ ಬೆಲೆಯನ್ನು ತೆತ್ತವನು ಬೇರೊಬ್ಬನು.

ಈ ವಿವೇಕವು ವ್ಯವಹಾರದಲ್ಲಿ ಅತ್ಯಗತ್ಯ. ಬಿಸಿಲಲ್ಲಿ ಕಲ್ಲೊಡೆಯುವವನಿಗೆ ಕೂಲಿ ಸಾಲದಾದರೆ ‘ದೇವರ ಚಿತ್ತ’ವೆಂದು ಕೂಲಿ ಕೊಡುವವನು ಬೋಧಿಸುವದು, ವಿಧವೆಯಾದ ಸೊಸೆಗೆ ‘ಎಲ್ಲ ದೇವರಿಗೆ ಬಿಡು’ ಎಂದು ಆಸ್ತಿಯನ್ನು ಹಿಡಿದ ಮನೆಯವರು ಹೇಳುವದು, ಇವು ಶರಣಾಗತಿಯ ಬೋಧೆಗಳಲ್ಲ. ಆ ಮಾತು ಉತ್ತಮಪುರುಷದಲ್ಲಿ ಮಾತ್ರ ಪವಿತ್ರವಾದುದು. ‘ನಾನು ಒಪ್ಪಿಸುತ್ತೇನೆ’ ಎಂದರೆ ಪ್ರಾರ್ಥನೆ; ‘ನೀನು ಒಪ್ಪಿಸಿಬಿಡು’ ಎಂದರೆ ಹಲವು ಸಲ ಪಿಲಾತನ ನ್ಯಾಯ.

ಕ್ರೈಸ್ತಸಭೆಯು ಈ ಉತ್ತಮಪುರುಷವನ್ನು ಚೆನ್ನಾಗಿ ಬಲ್ಲದು. ಕಲಬುರಗಿ ಬೀದರ ಪ್ರಾಂತಗಳಲ್ಲಿ ನೆಲೆಯೂರಿದ ಮೆಥಡಿಸ್ಟ್ ಪಂಥದ ಮೂಲಪುರುಷರಾದ ಜಾನ್ ವೆಸ್ಲಿಯವರು 1755ರಲ್ಲಿ ಲಂಡನ್ನಿನಲ್ಲಿ ಒಡಂಬಡಿಕೆಯ ಆರಾಧನೆಯನ್ನು ನಡಿಸಿದರು. ಆ ಪಂಥದವರು ಇದನ್ನು ಬಹುಮಟ್ಟಿಗೆ ವರ್ಷಾರಂಭದಲ್ಲಿ ಆಚರಿಸುತ್ತಾರೆ. ಕೆಲಸಕ್ಕೆ ಹಚ್ಚಿದರೂ ಸರಿ, ಕೆಲಸದಿಂದ ತೆಗೆದಿಟ್ಟರೂ ಸರಿ ಎಂಬುದು ಅದರ ಪ್ರಾರ್ಥನೆಯ ಒಂದು ಆಶಯ. ಇವೆರಡರಲ್ಲಿ ಎರಡನೆಯದು ಕಠಿನತರವೆಂಬುದನ್ನು ನಿವೃತ್ತರಾದವರೆಲ್ಲರೂ ಬಲ್ಲರು. ದುಡಿಯುವ ಕೈಯನ್ನು ದೇವರಿಗೆ ಕೊಡುವದು ಸುಲಭ. ಕೆಲಸವಿಲ್ಲದ ಕೈಯನ್ನು ಕೊಡುವದು ಕಲಿಯಬೇಕಾದ ವಿದ್ಯೆ.

ಕನ್ನಡ ಕಾವ್ಯವೂ ಈ ವಸ್ತುವಿಗೆ ಹೊರಗಾಗಿಲ್ಲ. ಮಂಜೇಶ್ವರದ ಗೋವಿಂದ ಪೈಗಳು ಯೇಸುವಿನ ಕಡೆಯ ದಿನವನ್ನು ‘ಗೊಲ್ಗೊಥಾ’ದಲ್ಲಿಯೂ ಬುದ್ಧನ ಅಂತ್ಯವನ್ನು ‘ವೈಶಾಖಿ’ಯಲ್ಲಿಯೂ ವಸ್ತುವಾಗಿ ಮಾಡಿಕೊಂಡರು. ವಸ್ತುಗಳ ಆಯ್ಕೆಯೇ ಒಂದು ವಿಮರ್ಶೆ. ತನಗೆ ತಾನೇ ದೀಪವಾಗೆಂದು ಬೋಧಿಸಿ ಬುದ್ಧನು ಶಾಂತನಾಗಿ ಒರಗಿದನು; ಯೇಸುವು ತನ್ನನ್ನು ಮತ್ತೊಬ್ಬನ ಕೈಗಿತ್ತು ನೋವಿನಲ್ಲಿ ಮಡಿದನು. ಎರಡು ಅಂತ್ಯಗಳಲ್ಲಿಯೂ ಅಹಂಕಾರಕ್ಕೆ ಎಡೆಯಿಲ್ಲ. ಆದರೆ ಒಂದರಲ್ಲಿ ಕೈಯು ಬರಿದಾಗುವದು, ಮತ್ತೊಂದರಲ್ಲಿ ಕೈಯನ್ನು ಹಿಡಿಯುವವನೊಬ್ಬನಿದ್ದಾನೆಂಬ ನಂಬಿಗೆಯುಂಟು.

ಇದರಿಂದ ‘ಪಾದ್ರಿ ಕನ್ನಡ’ವು ನಿರ್ದುಷ್ಟವೆಂದು ನಾನು ಸಾಧಿಸಹೊರಟಿಲ್ಲ. ಅತಿ ಕಠಿನವಾದ ಸ್ಥಳದಲ್ಲಿ ಅದು ಕೋಶವನ್ನು ಬಿಟ್ಟು ಜನರ ಬಾಯಿಯ ಮಾತನ್ನು ನಂಬಿತು, ಆ ಮಾತು ಅದರ ಕೈಬಿಡಲಿಲ್ಲ, ಎಂಬಷ್ಟೇ ನನ್ನ ಅಭಿಪ್ರಾಯ. ವಾಚಕರು ಮಾರ್ಕನ ಹದಿನಾಲ್ಕನೆಯ ಅಧ್ಯಾಯವನ್ನು ಗೀತೆಯ ಮೊದಲ ಹಾಗೂ ಕಡೆಯ ಅಧ್ಯಾಯಗಳ ಜೊತೆಗಿಟ್ಟು ಓದಿ ಸಾಧಕಬಾಧಕಗಳನ್ನು ತಾವೇ ವಿಚಾರಿಸಬೇಕೆಂದು ಬಿನ್ನಹ.